ಅಮ್ಮನ ಒರಳುಕಲ್ಲಿಗೆ ಎಷ್ಟು ವಯಸ್ಸು?

ಹೋದ ತಿಂಗಳು ಊರಿನ ಮನೆ ಖಾಲಿ ಮಾಡಿದೆವು. ಹಾಸನ ಜಿಲ್ಲೆಯ ಗೊರೂರಿನಿಂದ ಸ್ವಲ್ಪ ದೂರದ ಹಳ್ಳಿ ಅದು. ಅಣ್ಣ ತೀರಿಕೊಂಡ ಮೇಲೆ ಅಲ್ಲಿ ದೀಪ ಹಚ್ಚುವವರಿರಲಿಲ್ಲ. ಮಾರಾಟದ ಮಾತುಕತೆ ಮುಗಿದು ರಿಜಿಸ್ಟ್ರೇಷನ್ ದಿನವೂ ಗೊತ್ತಾಗಿತ್ತು. ಇದ್ದ ಸಾಮಾನು ಹಂಚಿಕೊಳ್ಳಲು ಮನೆಮಂದಿಯೆಲ್ಲ ಸೇರಿದೆವು. ಹಿತ್ತಾಳೆ ಹಂಡೆ ತಂಗಿಗೆ, ತೂಗುಮಣೆ ಅಣ್ಣನ ಮಗಳಿಗೆ, ಅಪ್ಪನ ಹಳೇ ಪಂಚಾಂಗಗಳ ಗಂಟು ನನಗೆ. ಹಿತ್ತಲಲ್ಲಿದ್ದ ಒರಳುಕಲ್ಲನ್ನು ಮಾತ್ರ ಯಾರೂ ಕೇಳಲಿಲ್ಲ.

ಕೇಳುವುದಾದರೂ ಹೇಗೆ? ನಾಲ್ಕು ಜನ ಹಿಡಿದರೂ ಅಲುಗದ ಕಲ್ಲು. ನಾವಿರುವುದು ಬೆಂಗಳೂರಿನಲ್ಲಿ, ಎರಡನೇ ಮಹಡಿಯಲ್ಲಿ. ಅಲ್ಲಿಯ ಲಿಫ್ಟಿಗೆ ನನ್ನ ಮಂಡಿಗಿಂತ ಹೆಚ್ಚು ಕಾಯಿಲೆ. ಆದ್ದರಿಂದ ನಾನೇ ಮೊದಲು ಬಾಯಿಬಿಟ್ಟೆ: "ಅದನ್ನ ತಗೊಂಡು ಹೋಗಿ ಏನ್ಮಾಡೋದು, ಬಿಡಿ. ಮನೇಲಿ ಮಿಕ್ಸಿ ಇದೆ." ಎಲ್ಲರೂ ತಲೆಯಾಡಿಸಿದರು. ತಂಗಿ ಒಬ್ಬಳು ಮಾತ್ರ ಏನೂ ಹೇಳದೆ ಬಾವಿಯ ಕಡೆ ಹೋದಳು.

ಆರನೇ ತರಗತಿಯಲ್ಲಿ ಓದುವ ನನ್ನ ಮೊಮ್ಮಗ ಪುಟ್ಟ ಆ ಹೊತ್ತಿಗೆ ಅದೇ ಒರಳಿನ ಅಂಚಿನ ಮೇಲೆ ಕೂತು ಕಾಲಾಡಿಸುತ್ತಿದ್ದ.

"ತಾತ, ಇದು ಎಷ್ಟು ಹಳೇದು?"

"ನಮ್ಮಜ್ಜಿ ಮದುವೆಯಾಗಿ ಈ ಮನೆಗೆ ಬಂದಾಗ ಮಾಡಿಸಿದ್ದಂತೆ. ನೂರು ವರ್ಷ ದಾಟಿರಬೇಕು."

"ಅದು ಒರಳು ಮಾಡಿಸಿದ್ದು. ಕಲ್ಲು ಎಷ್ಟು ಹಳೇದು?"

"ಕಲ್ಲು ಯಾವಾಗಲೂ ಇತ್ತು ಕಣೋ."

"ಯಾವಾಗಲೂ ಅಂದ್ರೆ ಯಾವಾಗಿಂದ?"

ಮಕ್ಕಳೇ, ನಾನು 38 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಖಾತೆ ಅಂದರೆ ಅದಕ್ಕೊಂದು ತೆರೆದ ದಿನಾಂಕ ಇರಲೇಬೇಕು. 'ಯಾವಾಗಲೂ ಇತ್ತು' ಎಂದು ಯಾರಾದರೂ ಫಾರಂ ತುಂಬಿ ತಂದಿದ್ದರೆ ನಾನೇ ವಾಪಸು ಕಳಿಸುತ್ತಿದ್ದೆ. ಈಗ ಹುಡುಗ ನನ್ನ ಫಾರಂ ವಾಪಸು ಕಳಿಸಿದ್ದ. ಸಾಲದ್ದಕ್ಕೆ ಡ್ರೈವರ್ ಜೊತೆ ಸೇರಿಕೊಂಡು ಒರಳಿನ ಗುಂಡನ್ನು ಉರುಳಿಸಿಕೊಂಡು ಹೋಗಿ ಕಾರಿನ ಡಿಕ್ಕಿಯಲ್ಲಿ ಇಡಿಸಿಬಿಟ್ಟ. ಮಗ ರೇಗಿದ, ಆಮೇಲೆ ಇರಲಿ ಅಂತ ಸುಮ್ಮನಾದ.

ನಮ್ಮ ಬಡಾವಣೆಯ ಪಾರ್ಕಿನಲ್ಲಿ ಬೆಳಿಗ್ಗೆ ನನ್ನ ಜೊತೆ ನಡೆಯುವವರಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತರಾದ ಒಬ್ಬ ಮೇಷ್ಟ್ರಿದ್ದಾರೆ. ಫೋನಿನಲ್ಲಿದ್ದ ಗುಂಡಿನ ಚಿತ್ರ ತೋರಿಸಿದೆ. ಕನ್ನಡಕ ಹಣೆಗೇರಿಸಿ ನೋಡಿದರು. "ಬಿಳಿ ಪಟ್ಟಿ, ಕಪ್ಪು ಪಟ್ಟಿ ಕಾಣ್ತಿದೆಯಲ್ಲ? ಇದು ನೈಸ್" ಎಂದರು. ನಾನು ಚೆನ್ನಾಗಿದೆ ಅಂತಿದ್ದಾರೆ ಅಂದುಕೊಂಡೆ. ಪುಟ್ಟ ನೈಸ್ ರೋಡ್ ಅಂದುಕೊಂಡ. ಅದು ಕಲ್ಲಿನ ಹೆಸರಂತೆ. ಗ್ರಾನೈಟಿನಂಥ ಕಲ್ಲು ಭೂಮಿಯೊಳಗೆ ಹಲವು ಕಿಲೋಮೀಟರ್ ಆಳದಲ್ಲಿ ಶಾಖಕ್ಕೂ ಒತ್ತಡಕ್ಕೂ ಸಿಕ್ಕಿ, ಅದರ ಖನಿಜಗಳೆಲ್ಲ ಸಾಲುಸಾಲಾಗಿ ಪಟ್ಟಿ ಕಟ್ಟಿದರೆ ಅದಕ್ಕೆ ನೈಸ್ ಎನ್ನುತ್ತಾರೆ. ಬಿಳಿಯದು ಬೆಣಚು ಮತ್ತು ಫೆಲ್ಡ್‌ಸ್ಪಾರ್, ಕರಿಯದು ಹೆಚ್ಚಾಗಿ ಕಾಗೆಬಂಗಾರ. ಗೊರೂರಿನ ಸುತ್ತಿನ ನೈಸ್ ನಮ್ಮ ದಕ್ಷಿಣ ಭಾರತದ ಅತಿ ಹಳೆಯ ಕಲ್ಲುಗಳಲ್ಲಿ ಒಂದು ಎಂದು ಹೇಳಿ, ನಡಿಗೆ ನಿಲ್ಲಿಸದೆ, ಒಂದು ಸಂಖ್ಯೆ ಕೊಟ್ಟರು: ಸುಮಾರು 330 ಕೋಟಿ ವರ್ಷ.

ನಾನು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತೆ. ಅದನ್ನು ಎಲ್ಲಿಂದ ಕಡಿದು ತಂದರೋ ಎಂಬ ಯೋಚನೆ ಬಂದು ಮತ್ತೆ ಎದ್ದೆ.

330 ಕೋಟಿ ಎಂದು ಬಾಯಲ್ಲಿ ಹೇಳುವುದು ಸುಲಭ. ದೊಡ್ಡ ಮೊತ್ತ ನನಗೆ ಹೊಸದಲ್ಲ, ಆದರೆ ಎಣಿಸದ ಹೊರತು ಅದು ಮೊತ್ತವೇ ಅಲ್ಲ. ನೋಟೆಣಿಸುವ ಲೆಕ್ಕದಲ್ಲೇ ನೋಡೋಣ. ಒಂದು ವರ್ಷಕ್ಕೆ ಒಂದು ನೋಟು. ಸೆಕೆಂಡಿಗೆ ಒಂದು ನೋಟಿನಂತೆ, ಊಟ ನಿದ್ದೆ ಏನೂ ಇಲ್ಲದೆ ಎಣಿಸುತ್ತ ಕೂತರೆ ನನ್ನ 74 ವರ್ಷ ಒಂದು ನಿಮಿಷ 14 ಸೆಕೆಂಡಿನಲ್ಲಿ ಮುಗಿಯುತ್ತದೆ. ಪುಟ್ಟನದು 11 ಸೆಕೆಂಡು. ಮನುಷ್ಯ ಜಾತಿ ಹುಟ್ಟಿ ಸುಮಾರು ಮೂರು ಲಕ್ಷ ವರ್ಷ, ಅದನ್ನೆಣಿಸಲು ಮೂರೂವರೆ ದಿನ. ಡೈನೋಸಾರ್‌ಗಳು ಅಳಿದು 6.6 ಕೋಟಿ ವರ್ಷ, ಅಷ್ಟನ್ನು ಎಣಿಸಲು ಎರಡು ವರ್ಷ ಒಂದು ತಿಂಗಳು. ಆ ಒರಳುಕಲ್ಲಿನ ವಯಸ್ಸು ಎಣಿಸಬೇಕಾದರೆ ನೂರು ವರ್ಷಕ್ಕೂ ಮೇಲೆ ಕೌಂಟರಿನಲ್ಲಿ ಕೂತಿರಬೇಕು!

ಆದರೆ ಇದನ್ನೆಲ್ಲ ಹೇಗೆ ಕಂಡುಹಿಡಿದರು? ನನಗೆ ಬೇಕಿದ್ದದ್ದು ಅದು. ಲೆಕ್ಕ ತೋರಿಸದೆ ಉತ್ತರ ಬರೆದರೆ ನಮ್ಮ ಕಾಲದ ಮೇಷ್ಟ್ರು ಸೊನ್ನೆ ಕೊಡುತ್ತಿದ್ದರು. ಪಾರ್ಕಿನ ಮೇಷ್ಟ್ರು ನಾಲ್ಕು ದಿನ ಬೆಳಿಗ್ಗೆ ಪಾಠ ಮಾಡಿದರು. ನನಗೆ ತಿಳಿದ ಮಟ್ಟಿಗೆ, ನನ್ನ ಬಿಕಾಂ ಭಾಷೆಯಲ್ಲಿ ಹೇಳುತ್ತೇನೆ.

ಸವಕಳಿ ಲೆಕ್ಕ ಅಂತ ಒಂದಿದೆ. ಅಂಗಡಿಗೆ ಒಂದು ಯಂತ್ರ ತಂದರೆ ವರ್ಷ ವರ್ಷ ಅದರ ಬೆಲೆಯಲ್ಲಿ ಇಷ್ಟು ಅಂತ ಕಡಿಮೆ ಮಾಡುತ್ತ ಹೋಗುತ್ತಾರೆ. ಅದರಲ್ಲಿ ಒಂದು ಕ್ರಮದಲ್ಲಿ ಮೂಲ ಬೆಲೆಯ ಮೇಲೆ ಕಳೆಯುವುದಿಲ್ಲ, ಪ್ರತಿ ಸಲ ಉಳಿದದ್ದರ ಮೇಲೆ ಕಳೆಯುತ್ತಾರೆ. ಮಕ್ಕಳಿಗೆ ಹೀಗೆ ಹೇಳಬಹುದು: ಡಬ್ಬಿಯಲ್ಲಿ 100 ಕೋಡುಬಳೆ ಇದೆ. ಅಜ್ಜಿ ದಿನಕ್ಕೆ ಇದ್ದದ್ದರಲ್ಲಿ ಅರ್ಧ ಮಾತ್ರ ತೆಗೆಯಲು ಬಿಡುತ್ತಾಳೆ. ಮೊದಲ ದಿನದ ಕೊನೆಗೆ ಉಳಿಯುವುದು 50, ಮಾರನೇ ದಿನ 25, ಆಮೇಲೆ ಹನ್ನೆರಡೂವರೆ. ಡಬ್ಬಿಯಲ್ಲಿ ಎಷ್ಟಿದೆ ಎಂದು ನೋಡಿದರೆ ಡಬ್ಬಿ ತುಂಬಿಸಿ ಎಷ್ಟು ದಿನವಾಯಿತು ಎಂದು ಹೇಳಿಬಿಡಬಹುದು.

ಯುರೇನಿಯಂ ಎಂಬ ಧಾತು ಈ ಕ್ರಮದಲ್ಲೇ ಸವೆಯುತ್ತ ಸೀಸವಾಗುತ್ತದೆ. ಒಂದೇ ವ್ಯತ್ಯಾಸ, ಇಲ್ಲಿ ಅರ್ಧವಾಗಲು ಒಂದು ದಿನ ಸಾಲದು, ಸುಮಾರು 447 ಕೋಟಿ ವರ್ಷ ಬೇಕು. ಶಾಖ, ಒತ್ತಡ, ಮಳೆ, ಗಾಳಿ ಯಾವುದಕ್ಕೂ ಈ ದರ ಬದಲಾಗುವುದಿಲ್ಲ. ಯಾವ ಬಜೆಟ್ಟಿಗೂ ಬಗ್ಗದ ದರ.

ಇನ್ನು ಖಾತೆ ಪುಸ್ತಕ ಯಾವುದು? ಅದು ಜಿರ್ಕಾನ್ ಎಂಬ ಹರಳು. ಗ್ರಾನೈಟಿನಂಥ ಕಲ್ಲು ಕರಗಿದ ಸ್ಥಿತಿಯಿಂದ ಗಟ್ಟಿಯಾಗುವಾಗ ಅದರೊಳಗೆ ಸಾಸಿವೆ ಕಾಳಿಗಿಂತಲೂ ಎಷ್ಟೋ ಸಣ್ಣ ಜಿರ್ಕಾನ್ ಹರಳುಗಳು ಮೂಡುತ್ತವೆ. ಈ ಹರಳಿಗೆ ಒಂದು ಗುಣ. ಮೂಡುವಾಗ ಯುರೇನಿಯಂ ಅನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ಹತ್ತಿರ ಸೇರಿಸುವುದಿಲ್ಲ. ಅಂದರೆ ಸೀಸದ ಖಾತೆಯಲ್ಲಿ ಆರಂಭದ ಶಿಲ್ಕು ಸೊನ್ನೆ. ಇದನ್ನು ಕೇಳಿದಾಗ ನನಗೆ ಮೈ ಜುಮ್ಮೆಂದಿತು. ಇಂದು ಆ ಹರಳಿನೊಳಗೆ ಸಿಗುವ ಸೀಸವೆಲ್ಲ ಒಳಗೇ ಹುಟ್ಟಿದ ಬಡ್ಡಿ!

ಇನ್ನೂ ಇದೆ. ಯುರೇನಿಯಂನಲ್ಲಿ ಎರಡು ಬಗೆ. ಇನ್ನೊಂದು ಬಗೆಯದು ಬೇಗ ಸವೆಯುತ್ತದೆ, ಸುಮಾರು 70 ಕೋಟಿ ವರ್ಷಕ್ಕೇ ಅರ್ಧ. ಅದರಿಂದ ಹುಟ್ಟುವ ಸೀಸದ ಬಗೆಯೂ ಬೇರೆ. ಹೀಗೆ ಒಂದೇ ಹರಳಿನೊಳಗೆ ಎರಡು ಬೇರೆ ಬೇರೆ ದರದ ಖಾತೆಗಳಿವೆ. 300 ಕೋಟಿ ವರ್ಷದ ಹರಳಾದರೆ ಮೊದಲನೆಯ ಯುರೇನಿಯಂ ನೂರಕ್ಕೆ ಸುಮಾರು 63 ಪಾಲು ಉಳಿದಿರಬೇಕು, ಎರಡನೆಯದು ಬರೀ 5 ಪಾಲು. ಎರಡೂ ಖಾತೆ ಒಂದೇ ದಿನಾಂಕ ಹೇಳಿದರೆ ಟ್ಯಾಲಿ. ಹೇಳದಿದ್ದರೆ ನಡುವೆ ಎಲ್ಲೋ ಸೀಸ ಸೋರಿದೆ ಎಂದು ಗೊತ್ತಾಗುತ್ತದೆ. ಸಂಜೆ ಲೆಕ್ಕ ಕೂಡದೆ ರಾತ್ರಿ ಒಂಬತ್ತರವರೆಗೆ ಬ್ಯಾಂಕಿನಲ್ಲಿ ಕೂತವರಿಗೆ ಇದರ ಬೆಲೆ ಗೊತ್ತು. ಒಮ್ಮೆ ನಾನು 90 ಪೈಸೆಗಾಗಿ ಕೊನೆಯ ಬಸ್ಸು ತಪ್ಪಿಸಿಕೊಂಡಿದ್ದೆ. ಇವರು ಕೋಟಿ ಕೋಟಿ ವರ್ಷ ಟ್ಯಾಲಿ ಮಾಡುತ್ತಾರೆ.

ಜಗತ್ತಿನಲ್ಲಿ ಇದುವರೆಗೆ ಸಿಕ್ಕಿರುವ ಅತಿ ಹಳೆಯ ಜಿರ್ಕಾನ್ ಪಶ್ಚಿಮ ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸ್ ಎಂಬ ಗುಡ್ಡಗಳದ್ದು. ಅದರ ವಯಸ್ಸು ಸುಮಾರು 440 ಕೋಟಿ ವರ್ಷ. ಆ ಹರಳು ಹುಟ್ಟಿದ ಮೂಲ ಕಲ್ಲು ಸವೆದು ಎಂದೋ ಹೋಗಿದೆ, ಹರಳು ಮಾತ್ರ ಉರುಳಿ ಬಂದು ಇನ್ನೊಂದು ಕಲ್ಲಿನಲ್ಲಿ ಸೇರಿಕೊಂಡಿದೆ. ಇಡಿಯಾಗಿ ಉಳಿದ ಕಲ್ಲುಗಳಲ್ಲಿ ಬಹಳ ಹಳೆಯದು ಕೆನಡಾದ ಅಕಾಸ್ಟ ನೈಸ್, ಸುಮಾರು 400 ಕೋಟಿ.

ಭೂಮಿಯ ವಯಸ್ಸು ಮಾತ್ರ ಅದಕ್ಕಿಂತ ಹೆಚ್ಚು, ಸುಮಾರು 454 ಕೋಟಿ ವರ್ಷ. ಅಷ್ಟು ಹಳೆಯ ಕಲ್ಲು ಭೂಮಿಯ ಮೇಲೆ ಒಂದೂ ಉಳಿದಿಲ್ಲ. ಮೊದಲ ಪುಟಗಳೇ ಹರಿದುಹೋದ ಲೆಡ್ಜರ್ ಇದು. ಇಂಥ ಸಂದರ್ಭದಲ್ಲಿ ನಾವು ಏನು ಮಾಡುತ್ತಿದ್ದೆವು? ಇನ್ನೊಂದು ಶಾಖೆಯಲ್ಲಿರುವ ಪ್ರತಿ ತರಿಸುತ್ತಿದ್ದೆವು. ಅಮೆರಿಕದ ಕ್ಲೇರ್ ಪ್ಯಾಟರ್ಸನ್ ಎಂಬ ವಿಜ್ಞಾನಿ ಮಾಡಿದ್ದೂ ಅದನ್ನೇ. ಭೂಮಿ ಹುಟ್ಟಿದ ಕಾಲದಲ್ಲೇ ಹುಟ್ಟಿ, ಆಮೇಲೆ ಆಕಾಶದಿಂದ ಬಿದ್ದ ಉಲ್ಕಾಶಿಲೆಗಳಲ್ಲಿನ ಸೀಸವನ್ನು ಅಳೆದು, 1956ರಲ್ಲಿ ಸುಮಾರು 455 ಕೋಟಿ ವರ್ಷ ಎಂಬ ಲೆಕ್ಕ ಕೊಟ್ಟ. ಇಂದಿಗೂ ಅದು ಹೆಚ್ಚು ಬದಲಾಗಿಲ್ಲ.

ಆ ಹರಿದ ಪುಟಗಳ ಕಾಲಕ್ಕೆ, ಅಂದರೆ ಮೊದಲ 50 ಕೋಟಿ ವರ್ಷಗಳಿಗೆ, ಹೇಡಿಯನ್ ಎಂದು ಹೆಸರು. ಪುಟ್ಟನಿಗೆ ನಗು ತಡೆಯಲಾಗಲಿಲ್ಲ. "ಹೇಡಿಗಳ ಕಾಲಾನಾ ತಾತ?" ಅಲ್ಲ. ಗ್ರೀಕರ ಪುರಾಣದಲ್ಲಿ ಹೇಡಿಸ್ ಎಂದರೆ ಸತ್ತವರ ಪಾತಾಳ ಲೋಕ, ಅದನ್ನಾಳುವ ದೇವರ ಹೆಸರೂ ಅದೇ. ಹೆಸರಿಟ್ಟವರು ಬೆಂಕಿಯ ಲೋಕವನ್ನು ಊಹಿಸಿಕೊಂಡಿದ್ದರು. ಅದು ಸುಳ್ಳೂ ಅಲ್ಲ. ಎಳೆಯ ಭೂಮಿಗೆ ಮಂಗಳ ಗ್ರಹದಷ್ಟು ದೊಡ್ಡ ಇನ್ನೊಂದು ಗೋಳ ಬಂದು ಡಿಕ್ಕಿ ಹೊಡೆಯಿತು, ಸಿಡಿದ ಚೂರುಗಳೇ ಸೇರಿ ಚಂದ್ರನಾಯಿತು ಎನ್ನುವುದು ಇಂದು ಹೆಚ್ಚು ಜನ ಒಪ್ಪುವ ವಿವರಣೆ. ಆ ಹೊಡೆತಕ್ಕೆ ಭೂಮಿಯ ಮೇಲ್ಮೈಯೆಲ್ಲ ಕರಗಿ ಕೆಂಡದ ಕಡಲಾಯಿತು. ಆದರೆ ಅದು ಆರಿದ್ದೂ ಬೇಗ. ಜ್ಯಾಕ್ ಹಿಲ್ಸ್ ಹರಳುಗಳಲ್ಲಿನ ಆಮ್ಲಜನಕವನ್ನು ಪರೀಕ್ಷಿಸಿದವರು 430 ಕೋಟಿ ವರ್ಷದ ಹೊತ್ತಿಗಾಗಲೇ ಭೂಮಿಯ ಮೇಲೆ ನೀರು ಇದ್ದಿರಬೇಕು ಎನ್ನುತ್ತಾರೆ. ಅದಾದ ಮೇಲೆ 400ರಿಂದ 250 ಕೋಟಿ ವರ್ಷದವರೆಗಿನದು ಆರ್ಕಿಯನ್ ಕಾಲ. ನಮ್ಮ ಒರಳು ಹುಟ್ಟಿದ್ದು ಇದರಲ್ಲಿ.

ಈಗ ಮುಖ್ಯ ವಿಷಯ. ಭೂಖಂಡ ಎಂದರೆ ನೀರಿನಿಂದ ಮೇಲೆ ಕಾಣುವ ನೆಲ ಎಂದಷ್ಟೇ ನಾನು ಇದುವರೆಗೆ ತಿಳಿದಿದ್ದೆ. ಸಮುದ್ರದ ನೀರೆಲ್ಲ ಬತ್ತಿಸಿದರೆ ತಳವೂ ಮೇಲೂ ಒಂದೇ ಕಲ್ಲು ತಾನೇ ಅಂದುಕೊಂಡಿದ್ದೆ. ಒಂದೇ ಅಲ್ಲ. ಸಮುದ್ರದ ತಳ ಬಸಾಲ್ಟ್ ಎಂಬ ಕರಿಕಲ್ಲಿನದು. ಬೆಳಗಾವಿ, ವಿಜಯಪುರ ಕಡೆಯ ಓದುಗರಿಗೆ ಬಸಾಲ್ಟ್ ಗೊತ್ತು, ಗೋಲಗುಂಬಜ್ ಕಟ್ಟಿರುವ ಕಲ್ಲು ಅದು. ಭೂಖಂಡಗಳ ಬುಡ ಗ್ರಾನೈಟ್, ನೈಸ್‌ಗಳಂಥ ತಿಳಿಬಣ್ಣದ ಕಲ್ಲಿನದು. ಒಂದು ಲೀಟರ್ ಹಿಡಿಯುವ ಪಾತ್ರೆಯಷ್ಟು ಗಾತ್ರದ ಬಸಾಲ್ಟ್ ಸುಮಾರು 3 ಕೆ.ಜಿ. ತೂಗಿದರೆ ಅಷ್ಟೇ ಗ್ರಾನೈಟ್ 2.7 ಕೆ.ಜಿ. ತೂಗುತ್ತದೆ. ಕೆಳಗಿನ ಆಳದ ಪದರ, ಮ್ಯಾಂಟಲ್ ಎನ್ನುತ್ತಾರಲ್ಲ, ಅದು 3.3. ಇಷ್ಟೇ ವ್ಯತ್ಯಾಸ. ಮುನ್ನೂರು ಗ್ರಾಂ ಅಷ್ಟೇ ಅಲ್ಲವೇ ಎನ್ನಬೇಡಿ. ಈ ಮುನ್ನೂರು ಗ್ರಾಮಿನ ಮೇಲೆ ನಾವೆಲ್ಲ ನಿಂತಿದ್ದೇವೆ. ಹಗುರವಾದ ಭೂಖಂಡ ಕೆಳಗಿನ ಭಾರದ ಪದರದ ಮೇಲೆ ಕೆರೆಯಲ್ಲಿ ತೆಪ್ಪ ತೇಲಿದಂತೆ ತೇಲಿ ನಿಲ್ಲುತ್ತದೆ. ಅದರ ದಪ್ಪ ಸಾಮಾನ್ಯವಾಗಿ 35ರಿಂದ 40 ಕಿಲೋಮೀಟರ್. ಸಮುದ್ರದ ತಳದ ಕಲ್ಲಿನ ಪದರ ಬರೀ ಏಳು ಕಿಲೋಮೀಟರಿನಷ್ಟು ತೆಳು, ಮೇಲಾಗಿ ಭಾರ. ಅದು ಹಳತಾಗಿ ತಣ್ಣಗಾದಷ್ಟೂ ಜಗ್ಗುತ್ತದೆ, ಕೊನೆಗೆ ಭೂಮಿಯೊಳಕ್ಕೇ ಜಾರಿ ಮುಳುಗುತ್ತದೆ. ಆದ್ದರಿಂದ ದೊಡ್ಡ ಸಾಗರಗಳ ತಳದಲ್ಲಿ 20 ಕೋಟಿ ವರ್ಷಕ್ಕಿಂತ ಹಳೆಯ ಕಲ್ಲು ಸಿಗುವುದೇ ಅಪರೂಪ. ಅದು ಚಾಲ್ತಿ ಖಾತೆ, ಬಂದದ್ದು ಹೋಗುತ್ತಿರುತ್ತದೆ. ಭೂಖಂಡ ಫಿಕ್ಸೆಡ್ ಡಿಪಾಸಿಟ್.

ಭೂಮಿಯ ಮೊದಲ ತೊಗಟೆ ಮಾತ್ರ ಹೆಚ್ಚಾಗಿ ಬಸಾಲ್ಟಿನಂಥ ಕರಿಕಲ್ಲೇ ಆಗಿತ್ತು. ಹಾಗಾದರೆ ಹಗುರ ಕಲ್ಲು ಎಲ್ಲಿಂದ ಬಂತು? ಕರಿಕಲ್ಲಿನ ಹೊಟ್ಟೆಯಿಂದಲೇ. ಇದನ್ನು ಮನೆಯಲ್ಲಿ ಎಳ್ಳುಬೆಲ್ಲ ಇಟ್ಟುಕೊಂಡು ನೋಡಬಹುದು, ಆದರೆ ಅಜ್ಜಿಯನ್ನು ಕೇಳಿ, ಅವರ ಎದುರಿಗೇ ಮಾಡಿ. ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿದರೆ ಎಲ್ಲವೂ ಒಟ್ಟಿಗೆ ಕರಗುವುದಿಲ್ಲ. ಬೆಲ್ಲ ಮೊದಲು ಕರಗಿ ಹರಿಯುತ್ತದೆ. ಎಳ್ಳು, ಕಡಲೆಬೀಜ, ಕೊಬ್ಬರಿ ಹಾಗೇ ಉಳಿಯುತ್ತವೆ. ಬಾಣಲೆ ಓರೆ ಮಾಡಿದರೆ ಬೆಲ್ಲದ ಪಾಕವೊಂದೇ ಒಂದು ಕಡೆ ಸೇರುತ್ತದೆ. ಕಲ್ಲೂ ಹಾಗೆ. ಬಸಾಲ್ಟ್ ಆಳಕ್ಕೆ ಹೋಗಿ ಬಿಸಿಯಾದಾಗ ಅದರಲ್ಲಿನ ಸುಲಭವಾಗಿ ಕರಗುವ ಅಂಶ ಮಾತ್ರ ಮೊದಲು ಕರಗಿತು. ಅದು ಹಗುರ, ಮರಳಿನಲ್ಲಿರುವ ಸಿಲಿಕಾ ಅದರಲ್ಲಿ ಹೆಚ್ಚು. ಹಗುರವಾದ್ದರಿಂದ ಮೇಲಕ್ಕೆ ಏರಿ ತಣ್ಣಗಾಗಿ ತಿಳಿಬಣ್ಣದ ಕಲ್ಲಾಯಿತು. ಟೋನಲೈಟ್, ಗ್ರಾನೊಡಯೊರೈಟ್ ಅಂತೆಲ್ಲ ಅವಕ್ಕೆ ಹೆಸರುಗಳಿವೆ, ಹೆದರಬೇಡಿ, ಆರನೇ ತರಗತಿ ಪರೀಕ್ಷೆಗೆ ಕೇಳುವುದಿಲ್ಲ.

ಇದಕ್ಕೆ ಇನ್ನೊಂದು ಸಾಮಾನು ಬೇಕಿತ್ತು. ನೀರು. ಕಲ್ಲಿನ ಖನಿಜಗಳೊಳಗೆ ನೀರು ಸೇರಿದ್ದರೆ ಅದು ಕಡಿಮೆ ಶಾಖಕ್ಕೇ ಕರಗುತ್ತದೆ. ಸಮುದ್ರದ ನೀರು ಹೀರಿದ ಬಸಾಲ್ಟ್ ಆಳಕ್ಕೆ ಇಳಿಯದಿದ್ದರೆ ಇಷ್ಟೊಂದು ಗ್ರಾನೈಟ್ ಆಗುತ್ತಿರಲಿಲ್ಲ. ನಮ್ಮ ಪಕ್ಕದ ಚಂದ್ರನನ್ನೇ ನೋಡಿ. ಹುಣ್ಣಿಮೆಯಲ್ಲಿ ಮೊಲ ಎಂದು ಮಕ್ಕಳಿಗೆ ತೋರಿಸುತ್ತೇವಲ್ಲ, ಆ ಕಪ್ಪು ಕಲೆಗಳೆಲ್ಲ ಹಿಂದೆ ಉಕ್ಕಿ ಹರಡಿದ ಬಸಾಲ್ಟ್. ಅಲ್ಲಿ ಸಮುದ್ರ ಇರಲಿಲ್ಲ, ನಮ್ಮಂಥ ಭೂಖಂಡವೂ ಆಗಲಿಲ್ಲ. ನೆಲ ಹುಟ್ಟಲು ಸಮುದ್ರ ಬೇಕಾಯಿತು ಎಂದರೆ ಮೊದಲಿಗೆ ಯಾರೂ ನಂಬುವುದಿಲ್ಲ, ನನ್ನ ಹೆಂಡತಿ ಇನ್ನೂ ನಂಬಿಲ್ಲ.

ಆ ಬಸಾಲ್ಟ್ ಆಳಕ್ಕೆ ಇಳಿದದ್ದು ಹೇಗೆ ಎಂಬ ಬಗ್ಗೆ ವಿಜ್ಞಾನಿಗಳಲ್ಲಿ ಈಗಲೂ ಜಗಳವಿದೆ. ಇಂದಿನಂತೆ ಒಂದು ಫಲಕ ಇನ್ನೊಂದರ ಕೆಳಗೆ ಜಾರಿತು ಎನ್ನುವವರು ಒಂದು ಕಡೆ. ಇಲ್ಲ, ಲಾವಾ ಮೇಲೆ ಮೇಲೆ ಸುರಿದು ತೊಗಟೆ ದಪ್ಪವಾಗಿ ತಳವೇ ಕರಗಿತು ಎನ್ನುವವರು ಇನ್ನೊಂದು ಕಡೆ. ನಮ್ಮ ಮೇಷ್ಟ್ರು ಎರಡನೇ ಪಕ್ಷ. ಅವರ ಹಳೆಯ ಸಹೋದ್ಯೋಗಿ ಮೊದಲನೇ ಪಕ್ಷವಂತೆ, ಇಬ್ಬರೂ ಇಪ್ಪತ್ತು ವರ್ಷದಿಂದ ಒಬ್ಬರಿಗೊಬ್ಬರು ಲೇಖನ ಕಳಿಸಿಕೊಂಡು ಬರುತ್ತಿದ್ದಾರೆ.

ಹೀಗೆ ಹುಟ್ಟಿದ ಸಣ್ಣ ಸಣ್ಣ ತೆಪ್ಪಗಳು ಒಂದಕ್ಕೊಂದು ಅಂಟಿ ದೊಡ್ಡದಾದವು. ಇಂದಿನ ಪ್ರತಿ ಭೂಖಂಡದ ನಡುವೆಯೂ ಇಂಥ ಹಳೆಯ ಗಟ್ಟಿ ತಿರುಳುಗಳಿವೆ, ಅವಕ್ಕೆ ಕ್ರೇಟಾನ್ ಎನ್ನುತ್ತಾರೆ. ಆಸ್ಟ್ರೇಲಿಯಾದ ಪಿಲ್ಬರಾ, ದಕ್ಷಿಣ ಆಫ್ರಿಕಾದ ಕಾಪ್‌ವಾಲ್ ಅಂಥವು. ನಮ್ಮ ದೇಶದಲ್ಲಿ ಜಾರ್ಖಂಡ್-ಒಡಿಶಾದ ಸಿಂಗ್‌ಭೂಮ್ ಒಂದು. ಅಲ್ಲಿಯ ಹಳೆಯ ಮರಳುಗಲ್ಲುಗಳನ್ನು ಅಧ್ಯಯನ ಮಾಡಿದ ವಿಜ್ಞಾನಿಗಳ ತಂಡವೊಂದು 2021ರಲ್ಲಿ ಒಂದು ವಿಷಯ ಪ್ರಕಟಿಸಿತು. ಆ ಮರಳು ನದಿ, ಕಡಲ ದಂಡೆಗಳಲ್ಲಿ ಸೇರಿದ್ದು. ದಂಡೆ ಇರಬೇಕಾದರೆ ನೀರಿನಿಂದ ಮೇಲೆ ನೆಲ ಇರಬೇಕು. ಹಾಗಾಗಿ ಸಿಂಗ್‌ಭೂಮ್ 300 ಕೋಟಿ ವರ್ಷಕ್ಕೂ ಹಿಂದೆಯೇ ಕಡಲಿನಿಂದ ತಲೆ ಎತ್ತಿದ, ಜಗತ್ತಿನ ಬಲು ಹಳೆಯ ಭೂಭಾಗಗಳಲ್ಲಿ ಒಂದು ಎಂಬುದು ಅವರ ತೀರ್ಮಾನ.

ಇನ್ನೊಂದು ತಿರುಳು ನಮ್ಮದೇ. ಅದರ ಹೆಸರು ಧಾರವಾಡ ಕ್ರೇಟಾನ್. ಪೇಡಕ್ಕೂ ಸಂಗೀತಕ್ಕೂ ಹೆಸರಾದ ಧಾರವಾಡ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲೆಲ್ಲ ಇದೆ ಎಂದು ನನಗೆ ಈ 74ರಲ್ಲಿ ಗೊತ್ತಾಯಿತು. ಕರ್ನಾಟಕದ ಬಹುಪಾಲು ಈ ತೆಪ್ಪದ ಮೇಲಿದೆ. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಕಲ್ಲುಗಳಿವೆ. ಲಾವಾ ನೀರಿನೊಳಗೆ ಉಕ್ಕಿದರೆ ಮಾತ್ರ ಹಾಗೆ ದಿಂಬು ದಿಂಬಾಗಿ ಹೆಪ್ಪುಗಟ್ಟುತ್ತದೆ, ಅಂದರೆ ಚಿತ್ರದುರ್ಗದಲ್ಲಿ ಒಂದು ಕಾಲಕ್ಕೆ ಸಮುದ್ರವಿತ್ತು! ಬಾಬಾಬುಡನ್ ಗಿರಿ ಸಾಲಿನ ಬುಡದಲ್ಲಿ ಹಳೆಯ ನೈಸ್ ಮೇಲೆ, ನೀರಿನಲ್ಲಿ ಉರುಳಿ ದುಂಡಗಾದ ಬೆಣಚುಕಲ್ಲುಗಳ ಪದರವಿದೆ. ರಾಮನಗರದ ಬೆಟ್ಟಗಳ ಗ್ರಾನೈಟ್ ಇವೆಲ್ಲಕ್ಕಿಂತ ಕಿರಿಯದು, ಸುಮಾರು 250 ಕೋಟಿ. ಆ ಊರಿನ ಹಳೆಯ ಹೆಸರಿನಿಂದ ಅದಕ್ಕೆ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಹೆಸರು.

ಇಷ್ಟೆಲ್ಲ ಕೇಳಿದ ಮೇಲೆ ಪುಟ್ಟನಿಗೆ ಮುಟ್ಟಿ ನೋಡಬೇಕೆನಿಸಿತು. ಅದಕ್ಕೆ ದೂರ ಹೋಗಬೇಕಿರಲಿಲ್ಲ. ಭಾನುವಾರ ಮೆಟ್ರೊ ಹತ್ತಿ ಲಾಲ್‌ಬಾಗಿಗೆ ಹೋದೆವು. ಕೆಂಪೇಗೌಡರ ಗೋಪುರವಿರುವ ಆ ಬೋಳುಬಂಡೆಯನ್ನು ಬೆಂಗಳೂರಿಗರು ಹತ್ತದೆ ಇರುವುದಿಲ್ಲ. ನಾನು ಮದುವೆಯಾದ ಹೊಸತರಲ್ಲಿ ಅದರ ಮೇಲೆ ಕೂತು ಕಡಲೆಕಾಯಿ ತಿಂದಿದ್ದೇನೆ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಅಲ್ಲೇ ಫಲಕ ಹಾಕಿದ್ದಾರೆ, ವಯಸ್ಸು 300 ಕೋಟಿ ವರ್ಷ ಎಂದೂ ಬರೆದಿದ್ದಾರೆ. ಒಮ್ಮೆಯೂ ಓದಿರಲಿಲ್ಲ. ಈ ಬಗೆಯ ಕಲ್ಲಿಗೆ ಪೆನಿನ್ಸುಲಾರ್ ನೈಸ್, ಅಂದರೆ ನಮ್ಮ ಪರ್ಯಾಯದ್ವೀಪದ ನೈಸ್, ಎಂದು 1916ರಲ್ಲಿ ಹೆಸರಿಟ್ಟವರು ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯಲ್ಲಿದ್ದ ಸ್ಮೀತ್ ಎಂಬುವವರು.

ನಾನು ಮಂಡಿ ಹಿಡಿದುಕೊಂಡು ನಿಧಾನವಾಗಿ ಹತ್ತಿದೆ. ಪುಟ್ಟ ಮೇಲಿನಿಂದ ಓಡಿ ಬಂದು ಒಂದು ಕಡೆ ಕೂತು ಬಂಡೆಯ ಮೇಲೆ ಅಂಗೈ ಇಟ್ಟ. ಬಿಳಿ ಪಟ್ಟಿ, ಕರಿ ಪಟ್ಟಿ, ಬಟ್ಟೆ ಹಿಂಡಿದ ಹಾಗೆ ಸುತ್ತಿಕೊಂಡಿದ್ದವು.

"ತಾತ, ಗುಂಡಿನ ಮೇಲೂ ಹೀಗೇ ಇದೆ."

"ಹೂಂ."

"ಇದು ಹುಟ್ಟಿದಾಗ ನೋಡೋಕೆ ಯಾರಿದ್ರು?"

ಕಣ್ಣಿದ್ದವರು ಯಾರೂ ಇರಲಿಲ್ಲ ಎಂದೆ. ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಮಾತ್ರ ನೀರಿನಲ್ಲಿದ್ದವು. ಗಿಡವಿಲ್ಲ, ಹುಲ್ಲಿಲ್ಲ, ಗಾಳಿಯಲ್ಲಿ ಉಸಿರಾಡಲು ಆಮ್ಲಜನಕವೂ ಇಲ್ಲದಂತೆಯೇ. ಹಗಲು ರಾತ್ರಿ ಸೇರಿ 24 ಗಂಟೆ ಇರಲಿಲ್ಲ, ಭೂಮಿ ಇನ್ನೂ ಬೇಗ ತಿರುಗುತ್ತಿತ್ತು. ಹುಡುಗ ಸ್ವಲ್ಪ ಹೊತ್ತು ಯೋಚಿಸಿ ಕೇಳಿದ: "ಅಜ್ಜಿಮನೆ ಒರಳಲ್ಲಿ ದೋಸೆಗೆ ರುಬ್ಬಿದಾಗ ಕಲ್ಲು ಸವೆದು ಹಿಟ್ಟಿಗೆ ಸೇರಿರುತ್ತಲ್ವಾ? ಹಾಗಾದ್ರೆ ನೀನು ಅದನ್ನ ತಿಂದಿದ್ದೀಯ."

ತಿಂದಿದ್ದೇನೆ. ಒರಳು ನುಣುಪಾದಾಗ ಉಳಿ ಸುತ್ತಿಗೆ ಹಿಡಿದು ಒಬ್ಬ ಹೆಂಗಸು ಬಂದು ಅದರ ಒಳಮೈಯನ್ನು ಒರಟು ಮಾಡಿಕೊಟ್ಟು ಹೋಗುತ್ತಿದ್ದಳು. ಮಾರನೇ ದಿನದ ದೋಸೆಯಲ್ಲಿ ಹಲ್ಲಿಗೆ ಕಿರ್ ಎನ್ನುತ್ತಿತ್ತು. ಅಪ್ಪ ತಟ್ಟೆ ಸರಿಸುತ್ತಿದ್ದರು. ಅಮ್ಮ ತಾನು ಸುಮ್ಮನೆ ತಿನ್ನುತ್ತಿದ್ದಳು. ಕೂಡುಕುಟುಂಬದಲ್ಲಿ ಹದಿನಾಲ್ಕು ಜನರಿಗೆ ರುಬ್ಬಬೇಕು, ಒಂದು ಕೈ ಗುಂಡು ತಿರುಗಿಸಿದರೆ ಇನ್ನೊಂದು ಕೈ ಹಿಟ್ಟು ತಳ್ಳುತ್ತಿತ್ತು. ಒರಳಿನ ಗುಳಿ ಅವಳ ಕಾಲದಲ್ಲೇ ಒಂದಿಷ್ಟು ಆಳವಾಗಿರಬೇಕು.

ಅಲ್ಲೇ ಬಂಡೆಯ ಮೇಲೆ ಕೂತು ಊರಿನ ಮನೆ ಕೊಂಡವರಿಗೆ ಫೋನ್ ಮಾಡಿದೆ. ಒಳ್ಳೆಯ ಜನ. "ತಪ್ಪು ತಿಳ್ಕೋಬೇಡಿ, ಹಿತ್ತಲಲ್ಲಿ ಒಂದು ಒರಳು ಬಿಟ್ಟಿದ್ವಿ, ಟೆಂಪೊ ಕಳಿಸ್ತೀನಿ" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಅಯ್ಯೋ ಸಾರ್, ಬೇಡ ಅಂತ ನೀವೇ ಹೇಳಿದ್ರಂತಲ್ಲ. ಹೋದ ವಾರ ಜೆಸಿಬಿ ಬಂದಿತ್ತು. ಪಾಯಕ್ಕೆ ಕಲ್ಲು ಸಾಲದೆ ಅದನ್ನೂ ಒಡೆದು ಹಾಕಿಬಿಟ್ರು" ಎಂದರು. ನಾನು ಪರವಾಗಿಲ್ಲ ಎಂದು ಫೋನಿಟ್ಟೆ. ಬೇಡ ಎಂದು ಹೇಳಿದ್ದು ನಾನೇ, ಅದೂ ಎಲ್ಲರಿಗಿಂತ ಮೊದಲು.

ರಾತ್ರಿ ತಂಗಿಗೆ ವಿಷಯ ತಿಳಿಸಿದೆ. "ಗೊತ್ತಿತ್ತು ಬಿಡಣ್ಣ" ಅಂದಳು. ಆಮೇಲೆ ಗುಂಡು ನಮ್ಮಲ್ಲಿದೆ ಎಂದು ಕೇಳಿ, ಒಂದು ಸಲ ಬಂದು ನೋಡಿಕೊಂಡು ಹೋಗುತ್ತೇನೆ ಎಂದಳು.

ಓದುಗ ಮಕ್ಕಳಿಗೆ ಈ ವಾರದ ಕೆಲಸ: ನಿಮ್ಮ ಮನೆಯಲ್ಲೋ ಅಜ್ಜಿಯ ಮನೆಯಲ್ಲೋ ಒರಳು, ಬೀಸುಕಲ್ಲು, ಬಟ್ಟೆ ಒಗೆಯುವ ಕಲ್ಲು, ಹೊಸಿಲ ಮೆಟ್ಟಿಲು ಯಾವುದಿದ್ದರೂ ಒದ್ದೆ ಮಾಡಿ ನೋಡಿ, ಒದ್ದೆಯಾದಾಗ ಬಣ್ಣ ಚೆನ್ನಾಗಿ ಕಾಣುತ್ತದೆ. ಪಟ್ಟಿ ಪಟ್ಟಿ ಇದ್ದರೆ ನೈಸ್ ಇರಬಹುದು. ಪಟ್ಟಿಯಿಲ್ಲದೆ ಬಿಳಿ, ಗುಲಾಬಿ, ಕಪ್ಪು ಚುಕ್ಕಿಗಳು ಬೆರೆತಿದ್ದರೆ ಗ್ರಾನೈಟ್. ಇಡೀ ಕಪ್ಪಗಿದ್ದು ಕಾಳುಗಳು ಕಣ್ಣಿಗೇ ಕಾಣದಿದ್ದರೆ ಬಸಾಲ್ಟ್ ಇರಬಹುದು. ಅಡುಗೆಮನೆ ಕಟ್ಟೆಗೆ ಹಾಕುವ ಬ್ಲ್ಯಾಕ್ ಗ್ರಾನೈಟನ್ನು ನಂಬಬೇಡಿ, ಅದನ್ನು ಗ್ರಾನೈಟ್ ಎಂದು ಕರೆಯುವುದು ಅಂಗಡಿಯವರು ಮಾತ್ರ. ಕಲ್ಲು ಯಾವ ಊರಿನದು, ಮನೆಗೆ ಯಾರು ತಂದರು ಎಂದು ಅಜ್ಜ ಅಜ್ಜಿಯನ್ನು ಕೇಳಿ ನನಗೆ ಬರೆಯಿರಿ. ಮೇಷ್ಟ್ರಿಗೆ ತೋರಿಸುತ್ತೇನೆ.

ನಮ್ಮ ಗುಂಡು ಈಗ ಬಾಲ್ಕನಿಯಲ್ಲಿದೆ. ಎರಡನೇ ಮಹಡಿಗೆ ಅದನ್ನು ಹೊತ್ತು ತಂದವನು ನನ್ನ ಮಗನೇ, ಲಿಫ್ಟ್ ಆವತ್ತೂ ಕೆಟ್ಟಿತ್ತು. ಆಷಾಢದ ಗಾಳಿಗೆ ಬಾಗಿಲು ಬಡಿಯುತ್ತದೆ ಎಂದು ನನ್ನ ಹೆಂಡತಿ ಅದನ್ನು ಬಾಗಿಲಿಗೆ ಒತ್ತಿಸಿ ಇಟ್ಟಿದ್ದಾಳೆ. ಬೆಳಿಗ್ಗೆ ತುಳಸಿಗೆ ನೀರು ಹಾಕುವಾಗ ಅದರ ಮೇಲೂ ಒಂದಿಷ್ಟು ಬೀಳುತ್ತದೆ, ಪಟ್ಟಿಗಳು ಎದ್ದು ಕಾಣುತ್ತವೆ.